ಕಾರಿನ ಎಸಿ ನಾರುವುದೇಕೆ? ವಿಲಿಸ್ ಕ್ಯಾರಿಯರ್ ಬದುಕಿನಲ್ಲಿದೆ ಉತ್ತರ

ಮೃಗಶಿರ ಮಳೆ ಹಿಡಿದ ವಾರದಲ್ಲಿ ಕಾರಿನ ಎಸಿ ಹಾಕಿದಾಗ ಮೊದಲ ಐದಾರು ಸೆಕೆಂಡು ಮೂಗಿಗೆ ಏನು ಬಡಿಯುತ್ತದೆ, ಗಮನಿಸಿದ್ದೀರಾ? ಒದ್ದೆ ಗೋಣಿಚೀಲದ ವಾಸನೆ ಎನ್ನುವವರುಂಟು, ತೊಳೆಯದ ಸಾಕ್ಸ್ ಎನ್ನುವವರುಂಟು, ಹುಳಿ ಬೆವರು ಎನ್ನುವವರೂ ಉಂಟು. ತಂಪು ಏರುತ್ತಿದ್ದಂತೆ ಅದು ಅಡಗುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಹಾಜರ್.

ಜೇವರ್ಗಿ ತಾಲ್ಲೂಕಿನ ಕೊಳಕೂರದಂಥ ಊರಿನಲ್ಲಿ ಕಾರಿಟ್ಟುಕೊಂಡವರಿಗೆ ಇದರಲ್ಲೊಂದು ಒಗಟೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ ಎಸಿ ಬಿಡುವಿಲ್ಲದೆ ಓಡುವಾಗ ಇಲ್ಲದ ನಾತ, ಹವೆ ತಂಪಾದ ಜೂನ್‌ನಲ್ಲಿ ಶುರುವಾಗುತ್ತದೆ. ಗ್ಯಾಸ್ ಕಮ್ಮಿಯಾಗಿರಬೇಕು, ತುಂಬಿಸಿಬಿಡಿ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ದುಡ್ಡು ಕೊಟ್ಟು ತುಂಬಿಸಿದ ಮೇಲೂ ನಾತ ಇದ್ದಲ್ಲೇ ಇರುತ್ತದೆ.

ಇರಲೇಬೇಕು. ಈ ನಾತಕ್ಕೂ ಗ್ಯಾಸಿಗೂ ಸಂಬಂಧವೇ ಇಲ್ಲ. ಎಸಿ ಅಂದರೆ ಗಾಳಿಯನ್ನು ತಂಪು ಮಾಡುವ ಯಂತ್ರ, ಅಷ್ಟೇ ಎಂದು ನಾವು ತಿಳಿದುಕೊಂಡಿದ್ದೇವೆ. ಗೊಂದಲದ ಬೇರು ಅಲ್ಲಿದೆ. ಇದನ್ನು ಮೊದಲು ರೂಪಿಸಿದ ಮನುಷ್ಯ ಹೊರಟಿದ್ದು ಯಾರಿಗೂ ತಂಪು ಮಾಡಲಿಕ್ಕಲ್ಲ, ಗಾಳಿಯಲ್ಲಿ ಅಡಗಿರುವ ನೀರನ್ನು ಹಿಡಿದು ಹೊರಗೆ ಹಾಕಲಿಕ್ಕೆ. ಆ ನೀರೇ ಇವತ್ತು ನಿಮ್ಮ ಡ್ಯಾಶ್‌ಬೋರ್ಡಿನ ಹಿಂದೆ ಕೂತು ನಾರುತ್ತಿರುವುದು. ಆದ್ದರಿಂದ ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲು ವಿಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್ ಅವರ ಬದುಕಿನ ಕಥೆ ಕೇಳಿ.

ಸೇಬು ಕತ್ತರಿಸಿ ಕಲಿತ ಲೆಕ್ಕ

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಹಳ್ಳಿಯ ಹೊಲದ ಮನೆಯಲ್ಲಿ. ಪಕ್ಕದಲ್ಲೇ ಈರಿ ಸರೋವರ. ತಂದೆ ಡ್ಯುವೇನ್ ಒಕ್ಕಲುತನದವರು, ಮನೆಗೆ ಒಬ್ಬನೇ ಮಗ. ತಾಯಿ ಎಲಿಜಬೆತ್ ಅವರಿಗೆ ಗಡಿಯಾರ, ಹೊಲಿಗೆ ಯಂತ್ರ ಬಿಚ್ಚಿ ರಿಪೇರಿ ಮಾಡುವ ಕೈಗುಣವಿತ್ತು.

ಈ ಹುಡುಗನಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ತಾಯಿ ಬೈಯಲಿಲ್ಲ. ನೆಲಮಾಳಿಗೆಯಿಂದ ಒಂದು ಪಾತ್ರೆ ತುಂಬ ಸೇಬು ತರಿಸಿ, ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ, ಹೋಳುಗಳನ್ನು ಕೂಡಿಸಿ ಕಳೆದು ತೋರಿಸಿದರು. ದೊಡ್ಡ ಸಮಸ್ಯೆಯನ್ನು ಕೈಗೆ ಸಿಗುವಷ್ಟು ಸಣ್ಣ ತುಂಡು ಮಾಡಿಕೊಳ್ಳಬೇಕು ಎಂಬುದನ್ನು ತಾನು ಕಲಿತದ್ದು ಅವತ್ತು ಎಂದು ಕ್ಯಾರಿಯರ್ ಮುಪ್ಪಿನಲ್ಲೂ ನೆನೆಯುತ್ತಿದ್ದರು. ಮಗನಿಗೆ 11 ವರ್ಷವಾದಾಗ ಆ ತಾಯಿ ತೀರಿಕೊಂಡರು.

ಮುಂದಿನ ವರ್ಷಗಳು ಕಷ್ಟದವು. 1890ರ ದಶಕದ ಮುಗ್ಗಟ್ಟಿನಲ್ಲಿ ಹೊಲದ ಮನೆಯಲ್ಲಿ ಕಾಸಿರಲಿಲ್ಲ. ಹೈಸ್ಕೂಲು ಮುಗಿಸಿದ ಹುಡುಗ ಕೆಲವು ಕಾಲ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ. ವಿದ್ಯಾರ್ಥಿವೇತನ ಗೆದ್ದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ ಮೇಲೂ ಊಟಕ್ಕೆ, ಕೋಣೆಗೆ ತಾನೇ ದುಡಿಯಬೇಕಿತ್ತು. ಹುಲ್ಲು ಕತ್ತರಿಸಿದ, ಒಲೆಗಳಿಗೆ ಕಲ್ಲಿದ್ದಲು ಹಾಕಿದ, ಗೆಳೆಯರ ಜೊತೆ ಸೇರಿ ಬಟ್ಟೆ ಒಗೆಯುವ ಸಹಕಾರಿ ಲಾಂಡ್ರಿಯನ್ನೂ ನಡೆಸಿದ. 1901ರಲ್ಲಿ ಎಂಜಿನಿಯರ್ ಆಗಿ ಹೊರಬಂದು, ಬಫಲೋ ನಗರದಲ್ಲಿ ದೊಡ್ಡ ಫ್ಯಾನು, ಹೀಟರುಗಳನ್ನು ಮಾಡುತ್ತಿದ್ದ ಬಫಲೋ ಫೋರ್ಜ್ ಕಂಪನಿ ಸೇರಿದ. ಸಂಬಳ ವಾರಕ್ಕೆ 10 ಡಾಲರ್.

ಕಾಗದ ಉಬ್ಬಿದ್ದರಿಂದ ಹುಟ್ಟಿದ ಎಸಿ

ಮಳೆಗಾಲದಲ್ಲಿ ನಮ್ಮ ಮನೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವೇ? ಕಾಗದವೂ ಹಾಗೆಯೇ. ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್ಹೆಮ್ಸ್ ಎಂಬ ಮುದ್ರಣಾಲಯ ಜಡ್ಜ್ ಎಂಬ ಹಾಸ್ಯ ಪತ್ರಿಕೆಯನ್ನು ಬಣ್ಣದಲ್ಲಿ ಅಚ್ಚು ಹಾಕುತ್ತಿತ್ತು. ಒಂದೇ ಹಾಳೆ ನಾಲ್ಕು ಸಲ ಯಂತ್ರದೊಳಗೆ ಹೋಗಿ ಬರಬೇಕು. ಎರಡನೇ ಸಲಕ್ಕೆ ಹಾಳೆ ಕೂದಲೆಳೆಯಷ್ಟು ಹಿಗ್ಗಿದ್ದರೂ ಕೆಂಪು ಬಣ್ಣ ತುಟಿಯ ಮೇಲೆ ಕೂರದೆ ಕೆನ್ನೆಗೆ ಜಾರುತ್ತದೆ. ನ್ಯೂಯಾರ್ಕಿನ ಸೆಕೆಗಾಲದಲ್ಲಿ ಎಷ್ಟೋ ಹಾಳೆಗಳು ಹೀಗೆ ರದ್ದಿಯಾಗುತ್ತಿದ್ದವು.

ಈ ತೊಂದರೆ 25 ವರ್ಷದ ಕ್ಯಾರಿಯರ್ ಅವರ ಮೇಜಿಗೆ ಬಂತು. ಬೇಡಿಕೆ ಸ್ಪಷ್ಟವಾಗಿತ್ತು: ಚಳಿಗಾಲದಲ್ಲಿ ಸುಮಾರು 21 ಡಿಗ್ರಿ, ಬೇಸಿಗೆಯಲ್ಲಿ 27 ಡಿಗ್ರಿ ಸೆಲ್ಸಿಯಸ್ ಶಾಖ, ತೇವ ಮಾತ್ರ ವರ್ಷವಿಡೀ 55 ಪ್ರತಿಶತ. ನೋಡಿ, ಬೇಸಿಗೆಯಲ್ಲಿ 27 ಡಿಗ್ರಿಯೇ ಸಾಕಿತ್ತು ಅವರಿಗೆ. ಕೆಲಸಗಾರರ ಹಿತ ಯಾರ ತಲೆಯಲ್ಲೂ ಇರಲಿಲ್ಲ. ಕಾಗದ ನೆಟ್ಟಗಿದ್ದರೆ ಆಯಿತು.

1902ರ ಜುಲೈ 17ರ ತಾರೀಖಿನ ನಕ್ಷೆಗಳಲ್ಲಿ ಕ್ಯಾರಿಯರ್ ಕೊಟ್ಟ ಉಪಾಯ ಇದು. ಕೊಳವೆಗಳ ಸುರುಳಿಯೊಳಗೆ, ಅಂದರೆ ಕಾಯಿಲ್‌ನೊಳಗೆ, ತಣ್ಣೀರು ಹರಿಸುವುದು. ಅದರ ಮೇಲೆ ಫ್ಯಾನಿನಿಂದ ಗಾಳಿ ಹಾಯಿಸುವುದು. ಒಂದು ಕಾಯಿಲ್‌ಗೆ ಬಾವಿಯ ತಣ್ಣೀರು, ಇನ್ನೊಂದನ್ನು ತಣ್ಣಗಾಗಿಸಲು ಅಮೋನಿಯಾ ಯಂತ್ರ. ಎರಡೂ ಸೇರಿದರೆ ದಿನಕ್ಕೆ ಸುಮಾರು 49,000 ಕಿಲೋ ಮಂಜುಗಡ್ಡೆ ಕರಗಿದಾಗ ಸಿಗುವಷ್ಟು ತಂಪು. (ಅಂಗಡಿಯಲ್ಲಿ ಒಂದು ಟನ್ ಎಸಿ, ಒಂದೂವರೆ ಟನ್ ಎಸಿ ಎನ್ನುತ್ತಾರಲ್ಲ, ಅದು ಯಂತ್ರದ ತೂಕವಲ್ಲ. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಿ ಕೊಡುವ ತಂಪಿನ ಅಳತೆ.)

ತಣ್ಣನೆಯ ಕಾಯಿಲ್ ಗಾಳಿಯ ತೇವ ತೆಗೆಯುವುದು ಹೇಗೆ? ಅಡುಗೆಮನೆಗೆ ಹೋಗಿ ಎರಡು ಪಾತ್ರೆ ನೋಡಿದರೆ ಸಾಕು. ಮಣ್ಣಿನ ಬಿಂದಿಗೆಯ ಮೈ ಒದ್ದೆಯಾಗಿರುವುದು ಒಳಗಿನ ನೀರು ಹೊರಗೆ ಜಿನುಗುವುದರಿಂದ. ಆ ನೀರು ಆವಿಯಾಗುವಾಗ ಬಿಂದಿಗೆಯ ಶಾಖವನ್ನು ಕೊಂಡೊಯ್ಯುತ್ತದೆ, ಒಳಗಿನ ನೀರು ತಂಪಾಗುತ್ತದೆ. ಕಲಬುರಗಿ ಕಡೆಯ ಮನೆಗಳ ಕೂಲರ್ ಇದೇ ಲೆಕ್ಕ. ಹಾಗಾಗಿಯೇ ಅದು ಮೇ ತಿಂಗಳ ಒಣಹವೆಯಲ್ಲಿ ಜೀವ ಉಳಿಸುತ್ತದೆ, ಜುಲೈನಲ್ಲಿ ಬರೀ ಅಂಟಂಟು ಮಾಡುತ್ತದೆ. ಇನ್ನೊಂದು, ಫ್ರಿಜ್‌ನ ನೀರು ತುಂಬಿದ ಸ್ಟೀಲ್ ಚೊಂಬು. ಅದರ ಮೈಮೇಲೂ ನೀರಿನ ಹನಿ. ಆದರೆ ಸ್ಟೀಲಿಗೆ ತೂತಿಲ್ಲ, ಆ ಹನಿ ಒಳಗಿನದಲ್ಲ, ಗಾಳಿಯಲ್ಲಿದ್ದ ಆವಿ ತಣ್ಣನೆಯ ಲೋಹಕ್ಕೆ ತಗುಲಿ ನೀರಾದದ್ದು. ಕೂಲರ್ ಗಾಳಿಗೆ ನೀರು ಸೇರಿಸುತ್ತದೆ, ಎಸಿ ಗಾಳಿಯಿಂದ ನೀರು ತೆಗೆಯುತ್ತದೆ. ಬಿಂದಿಗೆಗೂ ಚೊಂಬಿಗೂ ಇರುವಷ್ಟೇ ವ್ಯತ್ಯಾಸ.

ಮಂಜು ಮುಸುಕಿದ ರೈಲು ನಿಲ್ದಾಣ

ಕಾಯಿಲ್‌ನ ಉಪಾಯ ಕ್ಯಾರಿಯರ್ ಅವರಿಗೆ ಪೂರ್ತಿ ಸಮಾಧಾನ ತಂದಿರಲಿಲ್ಲ. ಅದೇ 1902ರ ಕೊನೆಯಲ್ಲಿ ಒಂದು ಚಳಿಯ ಸಂಜೆ ಪಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತ ಪ್ಲಾಟ್‌ಫಾರ್ಮಿನ ಮೇಲೆ ಅಡ್ಡಾಡುತ್ತಿದ್ದರು. ಸುತ್ತ ದಟ್ಟ ಮಂಜು. ಜೇವರ್ಗಿ–ಕಲಬುರಗಿ ರಸ್ತೆಯಲ್ಲಿ ಚಳಿಗಾಲದ ಬೆಳಿಗ್ಗೆ ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟುವಾಗ ಕಾಣುವಂಥ ಮಂಜನ್ನು ಊಹಿಸಿಕೊಳ್ಳಿ.

ಮಂಜು ಕವಿದಿದೆ ಅಂದರೆ ಗಾಳಿ ಇನ್ನೊಂದು ಹನಿಯನ್ನೂ ಹೊರಲಾರದಷ್ಟು ತೇವ ತುಂಬಿಕೊಂಡಿದೆ. ಹಾಗಿದ್ದೂ ಆ ಚಳಿಗಾಳಿಯಲ್ಲಿರುವ ಒಟ್ಟು ನೀರು ಬಹಳ ಕಡಿಮೆ, ಏಕೆಂದರೆ ತಣ್ಣನೆಯ ಗಾಳಿಯ ಚೀಲ ಚಿಕ್ಕದು. ಇದೇ ಗಾಳಿಯನ್ನು ಕೋಣೆಯೊಳಗೆ ತಂದು ಬೆಚ್ಚಗೆ ಮಾಡಿದರೆ ಚೀಲ ದೊಡ್ಡದಾಗುತ್ತದೆ, ಅದರಲ್ಲಿರುವ ನೀರು ಮಾತ್ರ ಅಷ್ಟೇ ಇರುತ್ತದೆ. ಅಂದರೆ ಗಾಳಿ ಒಣಗಿದಂತಾಯಿತು. ಹಾಗಾದರೆ ಬೇಕಾದಷ್ಟು ತಣ್ಣಗಿರುವ ನೀರಿನ ತುಂತುರಿನೊಳಗೆ ಗಾಳಿಯನ್ನು ಹಾಯಿಸಿ ಮಂಜನ್ನೇ ತಯಾರಿಸಿದರೆ? ತುಂತುರಿನ ಶಾಖವನ್ನು ನಿಗದಿ ಮಾಡಿದರೆ ಗಾಳಿಯಲ್ಲಿ ಉಳಿಯುವ ನೀರೂ ನಿಗದಿಯಾಗುತ್ತದೆ. ನೀರು ಸುರಿದು ಗಾಳಿಯನ್ನು ಒಣಗಿಸುವುದು! ಕೇಳಿದವರಿಗೆ ತಲೆಕೆಟ್ಟ ಮಾತು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. 1906ರ ಜನವರಿ 2ರಂದು ಇದಕ್ಕೆ ಪೇಟೆಂಟ್ ಸಿಕ್ಕಿತು, ಗಾಳಿಯನ್ನು ಸಂಸ್ಕರಿಸುವ ಉಪಕರಣ ಎಂಬ ಹೆಸರಿನಲ್ಲಿ. ಏರ್ ಕಂಡೀಷನಿಂಗ್ ಎಂಬ ಮಾತು ಕ್ಯಾರಿಯರ್ ಅವರದ್ದಲ್ಲ. ಅದೇ ವರ್ಷ ಸ್ಟುವರ್ಟ್ ಕ್ರೇಮರ್ ಎಂಬ ಜವಳಿ ಎಂಜಿನಿಯರ್ ಅದನ್ನು ಬಳಕೆಗೆ ತಂದರು.

ವಾಸನೆಯ ಕಥೆಗೆ ಬೇಕಾದ ಒಂದು ಸಂಗತಿ ಇಲ್ಲಿದೆ. ಈ ತುಂತುರು ಗಾಳಿಯ ತೇವವನ್ನಷ್ಟೇ ಅಲ್ಲ, ಧೂಳನ್ನೂ ತೊಳೆದು ಕೆಳಗಿನ ತೊಟ್ಟಿಗೆ ಇಳಿಸುತ್ತಿತ್ತು. ಕಾರ್ಖಾನೆಯ ಗಾಳಿಗೆ ದಿನವೂ ಸ್ನಾನ. ತೊಟ್ಟಿಯ ನೀರನ್ನು ಬದಲಿಸುತ್ತ ಇರಬೇಕಿತ್ತು ಅನ್ನಿ, ಇಲ್ಲದಿದ್ದರೆ ಅದೂ ಲೋಳೆಗಟ್ಟುತ್ತದೆ. ಮನೆಯ ಕೂಲರ್ ಟ್ಯಾಂಕಿನ ನೀರನ್ನು ಎರಡು ವಾರ ಬದಲಿಸದೆ ಬಿಟ್ಟವರಿಗೆ ಆ ಮೀನಿನಂಥ ವಾಸನೆ ಗೊತ್ತಿರುತ್ತದೆ.

ಕ್ಯಾರಿಯರ್ ಅವರ ಮೊದಲ ಗಿರಾಕಿಗಳಲ್ಲಿ ಹತ್ತಿ ಗಿರಣಿಗಳೂ ಇದ್ದವು. ಅಲ್ಲಿ ತೊಂದರೆ ತಿರುವುಮುರುವು: ಗಾಳಿ ಒಣಗಿದರೆ ನೂಲು ಪಟಪಟನೆ ಕಡಿಯುತ್ತದೆ, ತೇವ ಸೇರಿಸಬೇಕು. ಒಣಹವೆಯ ಕಲಬುರಗಿಯಲ್ಲೂ ಒಂದು ಬಟ್ಟೆ ಗಿರಣಿ ಇತ್ತು. ಮುಚ್ಚಿ ಎಷ್ಟೋ ಕಾಲವಾದರೂ ಎಂಎಸ್‌ಕೆ ಮಿಲ್ ಎಂಬ ಹೆಸರು ಆ ಬಡಾವಣೆಗೆ ಉಳಿದಿದೆ. ನೂಲಿಗೆ ತೇವ ಎಷ್ಟು ಮುಖ್ಯ ಎಂಬುದು ಅಂಥ ಗಿರಣಿಗಳಲ್ಲಿ ದುಡಿದ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೆಲಸ ಮಾಡುತ್ತ ಮಾಡುತ್ತ ಕ್ಯಾರಿಯರ್ ಲೆಕ್ಕವನ್ನೂ ಕಟ್ಟಿದರು. ಯಾವ ಶಾಖದ ಗಾಳಿ ಎಷ್ಟು ನೀರು ಹೊರುತ್ತದೆ, ಎಷ್ಟು ತಣ್ಣಗಾದರೆ ಅದು ಹನಿಯಾಗುತ್ತದೆ ಎಂಬುದರ ಸೂತ್ರಗಳನ್ನು 1911ರ ಡಿಸೆಂಬರ್‌ನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟರು. ಇವತ್ತಿಗೂ ಎಸಿ ಎಂಜಿನಿಯರುಗಳು ಬಳಸುವ ನಕ್ಷೆ ಅದರಿಂದ ಬೆಳೆದದ್ದು. ಗಾಳಿಯ ಆವಿ ಹನಿಯಾಗತೊಡಗುವ ಶಾಖಕ್ಕೆ ಇಬ್ಬನಿ ಬಿಂದು ಎನ್ನುತ್ತಾರೆ. ಕೊಳಕೂರದ ಒಗಟನ್ನು ಬಿಡಿಸುವುದು ಇದೇ.

ಮೇ ತಿಂಗಳ ಒಂದು ಮಧ್ಯಾಹ್ನ 40 ಡಿಗ್ರಿ ಶಾಖ, 25 ಪ್ರತಿಶತ ತೇವ ಇದೆ ಎನ್ನಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 12–13 ಗ್ರಾಂ ನೀರಿರುತ್ತದೆ, ಇಬ್ಬನಿ ಬಿಂದು 16 ಡಿಗ್ರಿ. ಜುಲೈನಲ್ಲಿ ಮಳೆ ನಿಂತ ಹೊತ್ತು 28 ಡಿಗ್ರಿ, 80 ಪ್ರತಿಶತ ತೇವ ಎಂದುಕೊಳ್ಳಿ. ಆಗ ನೀರು ಸುಮಾರು 22 ಗ್ರಾಂ, ಇಬ್ಬನಿ ಬಿಂದು 24 ಡಿಗ್ರಿ. ಕಾರಿನ ಕಾಯಿಲ್ 5 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅದನ್ನು ದಾಟಿದ ಗಾಳಿಯಲ್ಲಿ ಉಳಿಯುವುದು ಸುಮಾರು 7 ಗ್ರಾಂ. ಮಿಕ್ಕಿದ್ದೆಲ್ಲ ಕಾಯಿಲ್ ಮೇಲೆ ಹನಿ. ಮೇ ತಿಂಗಳಲ್ಲಿ 6 ಗ್ರಾಂ, ಜುಲೈನಲ್ಲಿ 15 ಗ್ರಾಂ. ಗಂಟೆಗೆ 100 ಘನ ಮೀಟರ್ ಹೊರಗಾಳಿ ಒಳಬಂತು ಎಂದರೆ ಜುಲೈನಲ್ಲಿ ಒಂದೂವರೆ ಲೀಟರ್ ನೀರಾಯಿತು. ಎಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ಸೋರಿಕೆಯಲ್ಲ. ಹಾಗೆ ತೊಟ್ಟಿಕ್ಕದಿದ್ದರೆ ಗಾಬರಿಯಾಗಬೇಕು.

ಇನ್ನೊಂದು ವಿಷಯ. ಮೇ ತಿಂಗಳಲ್ಲಿ ಕಾರನ್ನು ಬಿಸಿಲಿಗೆ ನಿಲ್ಲಿಸಿದರೆ ಒಳಗೆಲ್ಲ ಬೆಂಕಿ, ಕಾಯಿಲ್ ಮೇಲಿನ ತೇವ ಬೇಗ ಆರುತ್ತದೆ. ಜುಲೈನಲ್ಲಿ ರಾತ್ರಿಯಿಡೀ ಆರುವುದೇ ಇಲ್ಲ.

ಬೆಂಕಿಕಡ್ಡಿ, ಸಿನಿಮಾ ಮಂದಿರ, ವಾಸನೆಯಿಲ್ಲದ ಗ್ಯಾಸ್

1914ರಲ್ಲಿ ಯುದ್ಧದ ಅನಿಶ್ಚಿತತೆಯಲ್ಲಿ ಬಫಲೋ ಫೋರ್ಜ್ ಕಂಪನಿ ಈ ಹೊಸ ವ್ಯವಹಾರದಿಂದ ಕೈತೊಳೆದುಕೊಳ್ಳಲು ತೀರ್ಮಾನಿಸಿತು. ಹನ್ನೆರಡು ವರ್ಷದ ಕೆಲಸ ನೀರಿಗೆ ಹೋಗುವ ಹೊತ್ತು. ಕ್ಯಾರಿಯರ್ ಮತ್ತು ಆರು ಮಂದಿ ಎಂಜಿನಿಯರ್ ಗೆಳೆಯರು ಕೈಲಿದ್ದದ್ದನ್ನು ಒಟ್ಟು ಮಾಡಿದರು, 32,600 ಡಾಲರ್ ಆಯಿತು. 1915ರ ಜೂನ್‌ನಲ್ಲಿ ಸ್ವಂತ ಕಂಪನಿ ಶುರುವಾಯಿತು. ಮನೆಯಲ್ಲೂ ಆ ವರ್ಷಗಳು ಸುಲಭವಿರಲಿಲ್ಲ, ಮೊದಲ ಹೆಂಡತಿ ಈಡಿತ್ 1912ರಲ್ಲಿ ತೀರಿಕೊಂಡಿದ್ದರು. ಲೆಕ್ಕದಲ್ಲಿ ಮುಳುಗಿದರೆ ಈ ಮನುಷ್ಯನಿಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಊರಿಗೆ ಹೊರಟು ಪೆಟ್ಟಿಗೆ ತೆಗೆದು ನೋಡಿದರೆ ಒಳಗೆ ಒಂದು ಕರವಸ್ತ್ರ ಬಿಟ್ಟು ಬೇರೇನೂ ಇರಲಿಲ್ಲ ಎಂಬ ಕಥೆ ಇದೆ.

1922ರಲ್ಲಿ ಅವರು ದೊಡ್ಡ ಕಟ್ಟಡಗಳಿಗಾಗುವ ಹೊಸ ಶೈತ್ಯ ಯಂತ್ರವನ್ನು ತೋರಿಸಿದರು. ಅಮೋನಿಯಾ ಸೋರಿದರೆ ಕಣ್ಣುಮೂಗು ಸುಟ್ಟು ಹೋಗುವಂಥ ಘಾಟು, ಜನ ಕೂರುವ ಕಡೆ ಅದನ್ನು ಇಡುವಂತಿರಲಿಲ್ಲ. ಬದಲಿಗೆ ಡೈಲೀನ್ ಎಂಬ ದ್ರವ ಬಳಸಿದರು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಸಿನಿಮಾ ಮಂದಿರಕ್ಕೆ ಇದನ್ನು ಕೂರಿಸುವಾಗ ನಗರದ ಸುರಕ್ಷತಾ ಅಧಿಕಾರಿ ಒಪ್ಪಲಿಲ್ಲ. ಕ್ಯಾರಿಯರ್ ಅವರ ಕಚೇರಿಗೇ ಹೋಗಿ, ಒಂದು ಪಾತ್ರೆಗೆ ಡೈಲೀನ್ ಸುರಿದು, ಬೆಂಕಿಕಡ್ಡಿ ಗೀರಿ ಹಾಕಿದರಂತೆ. ಅಧಿಕಾರಿ ಸಿಟ್ಟಾದರೂ ಪಾತ್ರೆ ಸಿಡಿಯಲಿಲ್ಲ, ದ್ರವ ನಿಧಾನಕ್ಕೆ ಉರಿದು ಆರಿತು. ಅನುಮತಿ ಸಿಕ್ಕಿತು. ಇವತ್ತು ಯಾರಾದರೂ ಹೀಗೆ ಮಾಡಿದರೆ ಪೊಲೀಸರನ್ನು ಕರೆಯುತ್ತಾರೆ.

ಮೇ ಕೊನೆಯ ಆ ಮೊದಲ ಪ್ರದರ್ಶನದ ದಿನ ಯಂತ್ರ ಶುರುವಾಗುವುದು ತಡವಾಯಿತು. ಜನ ಬೀಸಣಿಗೆ ಬೀಸಿಕೊಳ್ಳುತ್ತಲೇ ಒಳಬಂದು ಕೂತರು. ಚಿತ್ರೋದ್ಯಮದ ದೊರೆ ಅಡಾಲ್ಫ್ ಜೂಕರ್ ಬಾಲ್ಕನಿಯಲ್ಲಿ ಕಾದಿದ್ದರು, ಕ್ಯಾರಿಯರ್ ಅವರ ಎದೆ ಡವಗುಟ್ಟುತ್ತಿತ್ತು. ತಂಪು ಇಳಿಯುತ್ತಿದ್ದಂತೆ ಒಂದೊಂದೇ ಬೀಸಣಿಗೆ ಮಡಿಲಿಗೆ ಬಿತ್ತು. ಯಂತ್ರ ಗೆದ್ದಿತ್ತು. ಕಾಗದಕ್ಕೆಂದು ಹುಟ್ಟಿದ್ದು ಮನುಷ್ಯರಿಗೆ ಬಂದದ್ದು ಹೀಗೆ.

ಎಸಿ ಗ್ಯಾಸಿನ ವಾಸನೆಯ ನಂಬಿಕೆಗೆ ಉತ್ತರವೂ ಅದೇ ಕಾಲದಲ್ಲಿ ಸಿಕ್ಕಿತು, ಬೇರೊಬ್ಬರಿಂದ. 1928ರ ಹೊತ್ತಿಗೆ ಥಾಮಸ್ ಮಿಡ್‌ಗ್ಲಿ ಎಂಬ ರಸಾಯನಶಾಸ್ತ್ರಜ್ಞ ಮತ್ತು ಸಂಗಡಿಗರು ಉರಿಯದ, ವಿಷವಲ್ಲದ, ಘಾಟಿಲ್ಲದ ಫ್ರಿಯಾನ್ ತಯಾರಿಸಿದರು. 1930ರಲ್ಲಿ ಮಿಡ್‌ಗ್ಲಿ ಸಭೆಯೊಂದರಲ್ಲಿ ಅದನ್ನು ಉಸಿರಿನಲ್ಲಿ ಎಳೆದು ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದರು. ಅದೇ ಗ್ಯಾಸ್ ಓಜೋನ್ ಪದರವನ್ನು ತಿನ್ನುತ್ತದೆ ಎಂದು ಗೊತ್ತಾದದ್ದು ದಶಕಗಳ ನಂತರ, ಅದು ಬೇರೆಯೇ ಕಥೆ. ನಮ್ಮ ಕಾರುಗಳಲ್ಲಿ ಬಂದ ಆರ್-134ಎ ಗ್ಯಾಸಿಗೂ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಅದು ಸೋರಿ ಹೋದರೆ ತಂಪು ಕಡಿಮೆಯಾಗುತ್ತದೆ, ಒದ್ದೆ ಸಾಕ್ಸಿನ ನಾತ ಬರುವುದಿಲ್ಲ. ತಂಪು ಚೆನ್ನಾಗಿದ್ದು ನಾತ ಮಾತ್ರ ಇದ್ದರೆ ಗ್ಯಾಸಿಗೆ ಕೊಡುವ ದುಡ್ಡು ದಂಡ.

ಎಸಿ ಕಾರಿಗೆ ಬಂತು, ತುಂತುರು ಬರಲಿಲ್ಲ

ಕಂಪನಿಯಿಂದಲೇ ಎಸಿ ಅಳವಡಿಸಿದ ಮೊದಲ ಕಾರು ಕ್ಯಾರಿಯರ್ ಅವರದ್ದಲ್ಲ. 1939ರಲ್ಲಿ ಪ್ಯಾಕರ್ಡ್ ಕಂಪನಿ 274 ಡಾಲರ್ ಹೆಚ್ಚು ಕೊಟ್ಟವರಿಗೆ ಅದನ್ನು ಕೊಡಲು ಮುಂದಾಯಿತು. ಕಾಯಿಲ್ ಡಿಕ್ಕಿಯ ಜಾಗವನ್ನೆಲ್ಲ ತಿನ್ನುತ್ತಿತ್ತು. ಎಸಿ ಬೇಡವೆನಿಸಿದರೆ ಇಳಿದು, ಬಾನೆಟ್ ತೆಗೆದು, ಕಂಪ್ರೆಸರ್‌ನ ಬೆಲ್ಟ್ ಕಳಚಬೇಕಿತ್ತು! ಎರಡು ವರ್ಷದಲ್ಲಿ ಅದು ನಿಂತುಹೋಯಿತು. ಆ 1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನದಲ್ಲಿ ಕ್ಯಾರಿಯರ್ ಮಂಜಿನ ಮನೆಯ ಆಕಾರದ ಮಂಟಪ ಕಟ್ಟಿ ಮುಂದಿನ ಕಾಲದ ಎಸಿಯನ್ನು ಜನರಿಗೆ ತೋರಿಸಿದ್ದರು. ಕಾರಿನ ಎಸಿ ಅಮೆರಿಕದಲ್ಲಿ ಮತ್ತೆ ತಲೆ ಎತ್ತಿದ್ದು 1953ರಲ್ಲಿ. ಅದನ್ನು ನೋಡಲು ಕ್ಯಾರಿಯರ್ ಇರಲಿಲ್ಲ. 1950ರ ಅಕ್ಟೋಬರ್ 7ರಂದು, 73ರ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಕಾರಿನಲ್ಲಿ ತೊಟ್ಟಿಗೆ, ತುಂತುರಿಗೆ ಜಾಗವಿಲ್ಲ. ಉಳಿದದ್ದು 1902ರ ಉಪಾಯದ ಅರ್ಧ ಮಾತ್ರ: ಡ್ಯಾಶ್‌ಬೋರ್ಡಿನ ಹಿಂದೆ ಕತ್ತಲಲ್ಲಿ ಕೂತ ಒಂದು ತಣ್ಣನೆಯ ಕಾಯಿಲ್, ಅದಕ್ಕೆ ಒತ್ತೊತ್ತಾಗಿ ಅಂಟಿಸಿದ ಅಲ್ಯೂಮಿನಿಯಂ ರೆಕ್ಕೆಗಳು. ಗಾಳಿಯ ಸ್ನಾನ ನಿಂತಿತು, ಹನಿ ಮಾತ್ರ ಬರುತ್ತಲೇ ಇದೆ. ಗಾಳಿಯ ಜೊತೆ ಬಂದ ಧೂಳು ಆ ಹನಿಗೆ ಅಂಟುತ್ತದೆ. ನಮ್ಮ ಕಡೆ ಧೂಳಿಗೆ ಬರವೇ? ಎರೆ ಹೊಲದ ಪುಡಿಮಣ್ಣು, ತೊಗರಿ ರಾಶಿಯ ಹೊಟ್ಟು, ಹೂವಿನ ಪರಾಗ, ಕಾರಿನಲ್ಲಿ ಕೂತವರ ಚರ್ಮದ ಹೊಟ್ಟು ಕೂಡ. ನೀರು, ಕತ್ತಲು, ಊಟ ಮೂರೂ ಸಿಕ್ಕ ಮೇಲೆ ಬ್ಯಾಕ್ಟೀರಿಯಾ, ಬೂಷ್ಟು ಬಿಡುತ್ತವೆಯೇ? ರೆಕ್ಕೆಗಳ ಮೇಲೆ ತೆಳುವಾದ ಲೋಳೆ ಪದರ ಕಟ್ಟುತ್ತವೆ. ನಾರುವ ಕಾರುಗಳ ಕಾಯಿಲ್ ಬಿಚ್ಚಿ ನೋಡಿದ ಸಂಶೋಧಕರಿಗೆ ಮಿಥೈಲೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ, ಪೆನಿಸಿಲಿಯಂ ಜಾತಿಯ ಬೂಷ್ಟು ಸಿಕ್ಕಿವೆ.

ಇವು ತಿಂದು ಬಿಡುವ ಅನಿಲಗಳೇ ಆ ನಾತ. ಮಣ್ಣಿನ, ಮುಗ್ಗಲಿನ ವಾಸನೆಗೆ ಹೆಚ್ಚಾಗಿ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಮೊದಲ ಮಳೆಗೆ ಎರೆಮಣ್ಣಿನಿಂದ ಏಳುವ ಘಮದಲ್ಲಿ ಇರುವುದೂ ಇದೇ! ಹೊಲದಲ್ಲಿ ಹಿತವಾದದ್ದು ಮುಚ್ಚಿದ ಕಾರಿನಲ್ಲಿ ಹುಳಿ ಬೆವರಿನ ವಾಸನೆಯ ಜೊತೆ ಬೆರೆತು ಸಹಿಸಲಾಗದಂತಾಗುತ್ತದೆ. ರಾತ್ರಿಯಿಡೀ ಕೂಡಿದ ಅನಿಲ ಬ್ಲೋವರ್ ತಿರುಗಿದ ತಕ್ಷಣ ಒಟ್ಟಿಗೆ ಹೊರಬರುತ್ತದೆ, ಅದಕ್ಕೇ ಮೊದಲ ಸೆಕೆಂಡುಗಳಲ್ಲಿ ನಾತ ಜೋರು. ಆರೋಗ್ಯವಂತರಿಗೆ ಇದು ಹೆಚ್ಚಾಗಿ ಬರೀ ಹೇಸಿಗೆ. ಅಸ್ತಮಾ, ಅಲರ್ಜಿ ಇರುವವರಿಗೆ, ಪುಟ್ಟ ಮಕ್ಕಳಿಗೆ ಬೂಷ್ಟಿನ ಬೀಜಕಣಗಳು ಸೀನು, ಕೆಮ್ಮು, ಉಬ್ಬಸ ತರಬಹುದು. ಕಾರು ಹತ್ತಿದಾಗಲೆಲ್ಲ ಮಗು ಸೀನುತ್ತಿದ್ದರೆ ಔಷಧಿ ಅಂಗಡಿಗೆ ಹೋಗುವ ಮೊದಲು ಫಿಲ್ಟರ್ ನೋಡಿ.

ಹೋಗಲಾಡಿಸುವುದು ಹೇಗೆ?

ನಾರುತ್ತಿರುವುದು ಒದ್ದೆ ಎಂದು ಗೊತ್ತಾದ ಮೇಲೆ ಮದ್ದೂ ಗೊತ್ತಾದಂತೆಯೇ: ಒಣಗಿಸಬೇಕು. ಊರು ಮುಟ್ಟಲು ನಾಲ್ಕೈದು ನಿಮಿಷ ಇರುವಾಗಲೇ ಎಸಿ ಬಟನ್ ಆರಿಸಿ, ಬ್ಲೋವರ್ ಮಾತ್ರ ಜೋರಾಗಿ ಓಡಲಿ, ಹೊರಗಾಳಿ ಒಳಬರುವ ಹಾಗೆ ಇಡಿ. ಕಾಯಿಲ್ ಬೆಚ್ಚಗಾಗಿ ಮೇಲಿನ ತೇವ ಹಾರುತ್ತದೆ. ಖರ್ಚಿಲ್ಲದ ಈ ಒಂದು ರೂಢಿ ಮಳೆಗಾಲದಲ್ಲಿ ಅರ್ಧ ತೊಂದರೆಯನ್ನು ತಡೆಯುತ್ತದೆ. ಒಳಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ ದೂರದ ದಾರಿ ಹೋಗುವುದೂ ಒಳ್ಳೆಯದಲ್ಲ. ಎಲ್ಲರ ಉಸಿರಿನ ತೇವ ಒಳಗೇ ಉಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರಿ ಚಾಲಕರಿಗೆ ತೂಕಡಿಕೆಯೂ ಬರಬಹುದು.

ನಂತರದ್ದು ಕ್ಯಾಬಿನ್ ಫಿಲ್ಟರ್. ಬಹಳಷ್ಟು ಕಾರುಗಳಲ್ಲಿ ಅದು ಎಡಗಡೆ ಸೀಟಿನ ಎದುರು, ಡ್ಯಾಶ್‌ಬೋರ್ಡಿನ ಡಬ್ಬಿಯ ಹಿಂದೆ ಇರುತ್ತದೆ. ಹಳೆಯ ಕೆಲವು ಕಾರುಗಳಲ್ಲಿ ಇರುವುದೇ ಇಲ್ಲ. ತೆಗೆದು ನೋಡಿ, ಕಪ್ಪಗಾಗಿ ಮುಗ್ಗಲು ಹಿಡಿದಿದ್ದರೆ ಗಾಳಿ ಊದಿ ಮತ್ತೆ ಹಾಕಬೇಡಿ, ಬದಲಿಸಿ. ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ, ಹೊಲದ ಮಣ್ಣುರಸ್ತೆಯಲ್ಲಿ ಓಡುವ ಕಾರಿಗೆ ಇನ್ನೂ ಬೇಗ ಬೇಕಾದೀತು. ರಾಶಿಯ ಕಾಲ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಬದಲಿಸಿದರೆ ಬೂಷ್ಟಿಗೆ ಊಟವೇ ಸಿಗದು.

ಇಷ್ಟಾದರೂ ಹೋಗದಿದ್ದರೆ ಕಾಯಿಲ್ ತೊಳೆಯಬೇಕು. ಅದಕ್ಕೆಂದೇ ನೊರೆ ಬರುವ ಕ್ಲೀನರ್ ಡಬ್ಬಿ ಸಿಗುತ್ತದೆ. ಬ್ಲೋವರ್ ಆರಿಸಿ, ಅದರ ಕೊಳವೆಯನ್ನು ಕಾಯಿಲ್‌ವರೆಗೆ ತೂರಿಸಿ ಬಿಟ್ಟರೆ ನೊರೆ ಕೊಳೆಯನ್ನು ಕರಗಿಸಿಕೊಂಡು ಕೆಳಗಿನ ಪೈಪಿನಿಂದ ಇಳಿಯುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾದು, ಕಿಟಕಿಗಳನ್ನೆಲ್ಲ ತೆರೆದು ಬ್ಲೋವರ್ ಓಡಿಸಿ. ಡ್ಯಾಶ್‌ಬೋರ್ಡನ್ನೇ ಬಿಚ್ಚಿ ತೊಳೆಯುವುದು ಕೊನೆಯ ದಾರಿ, ಯಾರಾದರೂ ಮೊದಲೇ ಅದನ್ನು ಹೇಳಿದರೆ ಇನ್ನೊಬ್ಬರನ್ನು ಕೇಳಿ. ಫಿನಾಯಿಲ್, ಬ್ಲೀಚಿಂಗ್ ಪುಡಿಯ ನೀರನ್ನು ಗಾಳಿಕಿಂಡಿಗೆ ಸಿಂಪಡಿಸಬೇಡಿ, ಅದು ನೇರ ನಿಮ್ಮ ಪುಪ್ಪುಸಕ್ಕೆ ಹೋಗುತ್ತದೆ. ಸ್ಯಾನಿಟೈಸರ್, ಸ್ಪಿರಿಟ್ ಬೆಂಕಿ ಹತ್ತುವಂಥವು. ಕರ್ಪೂರ, ನಿಂಬೆಹಣ್ಣು, ಸುಗಂಧದ ಡಬ್ಬಿಗಳು ನಾತದ ಮೇಲೆ ಇನ್ನೊಂದು ವಾಸನೆ ಹೊದಿಸುತ್ತವೆ, ಕಾಯಿಲ್ ಹತ್ತಿರ ಸುಳಿಯುವುದೂ ಇಲ್ಲ.

ಬೇಸಿಗೆ ಬಂತೆಂದರೆ ವಾಟ್ಸಾಪಿನಲ್ಲಿ ಒಂದು ಸಂದೇಶ ಓಡಾಡುತ್ತದೆ: ಕಾರು ಹತ್ತಿದೊಡನೆ ಎಸಿ ಹಾಕಿದರೆ ಡ್ಯಾಶ್‌ಬೋರ್ಡಿನಿಂದ ಬೆಂಜೀನ್ ಬಂದು ಕ್ಯಾನ್ಸರ್ ಆಗುತ್ತದೆ ಎಂದು. ಹೊಸ ಪ್ಲಾಸ್ಟಿಕ್ ಕಾದಾಗ ಕೆಲವು ರಾಸಾಯನಿಕಗಳು ಗಾಳಿಗೆ ಸೇರುವುದು ನಿಜ. ಆದರೆ ಎಸಿ ಬೆಂಜೀನ್ ಹುಟ್ಟಿಸುವುದಿಲ್ಲ, ಆ ಸಂದೇಶದ ಅಂಕಿಗಳಿಗೂ ಆಧಾರವಿಲ್ಲ. ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸುವುದು ಮಾತ್ರ ಒಳ್ಳೆಯದೇ, ಒಳಗಿನ ಕುದಿಗಾಳಿ ಹೊರಹೋಗಿ ಬೇಗ ತಂಪಾಗುತ್ತದೆ.

ಎಲ್ಲ ನಾತವೂ ಬೂಷ್ಟಿನದ್ದಲ್ಲ. ಸಿಹಿಸಿಹಿ ವಾಸನೆ ಬಂದು ಗಾಜು ಮಂಕಾದರೆ ಎಂಜಿನ್ ಕೂಲೆಂಟ್ ಹೀಟರ್‌ನಲ್ಲಿ ಸೋರುತ್ತಿರಬಹುದು. ಪೆಟ್ರೋಲ್ ಅಥವಾ ಸುಟ್ಟ ವಾಸನೆ ಬಂದರೆ ಕಾರು ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ. ಹೊಲದ ಮನೆಯಲ್ಲಿ, ಕಣದ ಪಕ್ಕ ನಿಲ್ಲಿಸುವ ಕಾರಿಗೆ ಇಲಿಯ ಕಾಟ ಬೇರೆ. ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಗೂಡು ಕಟ್ಟಿ ಅಲ್ಲೇ ಸತ್ತರೆ ಆ ನಾತಕ್ಕೆ ಯಾವ ನೊರೆಯೂ ನಾಟದು, ಬ್ಲೋವರ್ ಬಿಚ್ಚಿಸಲೇಬೇಕು. ತೆಗೆಯುವವರು ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಲಿ.

ಮಳೆಗಾಲದಲ್ಲಿ ಅರ್ಧ ಗಂಟೆ ಎಸಿ ಓಡಿಸಿ ಕಾರು ನಿಲ್ಲಿಸಿದಾಗ ಕೆಳಗೆ ಬಗ್ಗಿ ನೋಡುವುದನ್ನು ಮರೆಯಬೇಡಿ. ನೀರು ತೊಟ್ಟಿಕ್ಕುತ್ತಿಲ್ಲ, ತಿರುವಿನಲ್ಲಿ ಡ್ಯಾಶ್‌ಬೋರ್ಡಿನೊಳಗೆ ಗುಳುಗುಳು ಸದ್ದು, ಎಡಗಡೆ ಕಾಲಿಡುವ ಜಾಗದ ಕಾರ್ಪೆಟ್ ಒದ್ದೆ ಅಂದರೆ ನೀರಿಳಿಯುವ ಪೈಪಿಗೆ ಮಣ್ಣು ಕಟ್ಟಿದೆ. ಮೆಕ್ಯಾನಿಕ್‌ಗೆ ಅದು ಹತ್ತು ನಿಮಿಷದ ಕೆಲಸ. ಕಾರ್ಪೆಟ್ ಮಾತ್ರ ಎತ್ತಿ ಅಡಿಯ ಸ್ಪಂಜಿನ ಸಮೇತ ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಬೇಕು, ಅದಕ್ಕೆ ಎರಡು ದಿನವಾದರೂ ಹಿಡಿಯುತ್ತದೆ.